ಮನೆತನದ ರಿವಾಲ್ವರ್ ಮತ್ತು ಅದರ ಕಾಗದಪತ್ರ: ಗಡಿನಾಡಿನ ದೃಷ್ಟಿಯಿಂದ ಒಂದು ವಿವರಣೆ

ಹಳೆಯ ರಿವಾಲ್ವರೊಂದು ಒಂದು ಮನೆತನದಲ್ಲಿ ಮೂರು ತಲೆಮಾರು ಉಳಿದು ಬಂದಿದ್ದರೆ ಅದರೊಂದಿಗೆ ಎರಡು ವಸ್ತುಗಳು ಉಳಿದು ಬಂದಿರಬೇಕು: ಒಂದು ಉಕ್ಕಿನ ಆಯುಧ, ಇನ್ನೊಂದು ಅದರ ಪರವಾನಗಿ ಪುಸ್ತಕ. ಮೊದಲನೆಯದನ್ನು ಎಣ್ಣೆ ಹಚ್ಚಿ ಒರೆಸಿ ಜೋಪಾನ ಮಾಡಿದ ಮನೆಗಳಲ್ಲಿಯೂ ಎರಡನೆಯದು ಗೆದ್ದಲಿನ ಪಾಲಾಗಿರುವುದುಂಟು. ಕಾನೂನಿನ ದೃಷ್ಟಿಯಲ್ಲಿ ಆಯುಧದ ಒಡೆತನವನ್ನು ಸಿದ್ಧಪಡಿಸುವುದು ಕಾಗದ. ಆ ಕಾಗದದ ಸರಣಿಯಲ್ಲಿ ಒಂದು ಕೊಂಡಿ ಕಳಚಿದರೂ ಅಜ್ಜನ ಕಾಲದ ಗೌರವದ ವಸ್ತು ಮೊಮ್ಮಗನ ಕಾಲಕ್ಕೆ ಅಪರಾಧದ ಸಾಕ್ಷ್ಯವಾಗಿ ಪರಿಣಮಿಸುತ್ತದೆ.

ಕರ್ನಾಟಕದ ಗಡಿಯಾಚೆಗಿನ ಕನ್ನಡ ಕುಟುಂಬಗಳಿಗೆ ಈ ವಿಷಯ ಇನ್ನಷ್ಟು ಜಟಿಲವಾದುದು. ಮನೆ ಇದ್ದಲ್ಲೇ ಇದ್ದರೂ ಅದರ ಮೇಲಿನ ಜಿಲ್ಲೆ, ರಾಜ್ಯ ಮತ್ತು ಕಚೇರಿಯ ಭಾಷೆ ಬದಲಾಗಿವೆ. ಹಳೆಯ ರಿವಾಲ್ವರ್ ಎಂದರೇನು, ಅದನ್ನು ಹಾರಿಸುವಾಗ ಗಮನಿಸಬೇಕಾದುದೇನು, ಅದನ್ನು ಇಟ್ಟುಕೊಳ್ಳಲು ಕಾನೂನು ಏನನ್ನು ಕೇಳುತ್ತದೆ ಮತ್ತು ಗಡಿನಾಡಿನಲ್ಲಿ ಆ ಕೇಳಿಕೆ ಯಾವ ರೂಪ ತಾಳುತ್ತದೆ ಎಂಬುದನ್ನು ಈ ಲೇಖನ ಅನುಕ್ರಮವಾಗಿ ವಿವರಿಸುತ್ತದೆ.

ವಸ್ತು

ಭಾರತದಲ್ಲಿ ಹಳೆಯ ರಿವಾಲ್ವರ್ ಎಂದೊಡನೆ ಮೊದಲು ನೆನಪಾಗುವ ಹೆಸರು ವೆಬ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಈ ತಯಾರಕರ ಮಾರ್ಕ್ 1 ಮಾದರಿಯನ್ನು ಬ್ರಿಟಿಷ್ ಸೇನೆ 1887ರಲ್ಲಿ ಅಂಗೀಕರಿಸಿತು. 1897ರಲ್ಲಿ ಈ ಉದ್ಯಮ ವೆಬ್ಲಿ ಮತ್ತು ಸ್ಕಾಟ್ ಎಂಬ ಕಂಪನಿಯಾಯಿತು. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಆರಂಗುಲದ ನಳಿಗೆಯ ಮಾರ್ಕ್ 6 ಸೇವೆಗೆ ಬಂದಿತು. ಇವೆಲ್ಲವೂ .455 ಬೋರಿನವು. 1930ರ ದಶಕದಲ್ಲಿ ಸೇನೆ ಹಗುರವಾದ .380 ಬೋರಿಗೆ ಬದಲಾಯಿಸಿದಾಗ ಎನ್‌ಫೀಲ್ಡ್ ಕಾರ್ಖಾನೆಯ ನಂಬರ್ 2 ರಿವಾಲ್ವರ್ ಅಧಿಕೃತವಾಯಿತು; ಎರಡನೆಯ ಮಹಾಯುದ್ಧದಲ್ಲಿ ಅದರೊಂದಿಗೆ ವೆಬ್ಲಿಯ ಮಾರ್ಕ್ 4 ಕೂಡ ದೊಡ್ಡ ಸಂಖ್ಯೆಯಲ್ಲಿ ಬಳಕೆಯಾಯಿತು. ಬ್ರಿಟಿಷ್ ಅಧಿಕಾರಿಗಳು ತಮ್ಮ ರಿವಾಲ್ವರನ್ನು ಸ್ವಂತ ಹಣದಿಂದ ಕೊಳ್ಳುವ ಪದ್ಧತಿ ಇತ್ತು. ಅದು ಸೇನೆಯ ತೋಟಾವನ್ನು ಹಾರಿಸಬಲ್ಲದಾಗಿದ್ದರೆ ಸಾಕಿತ್ತು. ಸೇನಾ ಬೋರಿನ ಆಯುಧಗಳು ಖಾಸಗಿ ಕೈಗಳಲ್ಲಿ ಉಳಿದುದಕ್ಕೆ ಇದೂ ಒಂದು ಕಾರಣ.

ವೆಬ್ಲಿಯ ರಚನೆ ಸರಳವಾದುದು. ನಳಿಗೆ ಮತ್ತು ಸಿಲಿಂಡರ್ ಒಂದು ಭಾಗ. ಹಿಡಿ ಮತ್ತು ಯಂತ್ರ ಇನ್ನೊಂದು ಭಾಗ. ಎರಡೂ ಮುಂದುಗಡೆ ಕೀಲಿನಿಂದ ಕೂಡಿವೆ. ಮೇಲ್ಗಡೆಯ ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿದರೆ ಆಯುಧ ನಡುವೆ ಮಡಚಿಕೊಂಡು ತೆರೆಯುತ್ತದೆ. ತೆರೆಯುವ ಚಲನೆಯಲ್ಲೇ ನಕ್ಷತ್ರಾಕಾರದ ಒಂದು ತಟ್ಟೆ ಮೇಲೆದ್ದು ಆರೂ ಖಾಲಿ ತೋಟಾಗಳನ್ನು ಒಟ್ಟಿಗೆ ಹೊರಕ್ಕೆ ತಳ್ಳುತ್ತದೆ. ಟ್ರಿಗರ್ ಎಳೆದಾಗ ಒಂದು ಸಣ್ಣ ಕೊಕ್ಕೆ ಸಿಲಿಂಡರನ್ನು ಒಂದು ಮನೆಯಷ್ಟು ತಿರುಗಿಸುತ್ತದೆ, ಇನ್ನೊಂದು ತಡೆ ಅದನ್ನು ನಳಿಗೆಗೆ ಸರಿಯಾಗಿ ನಿಲ್ಲಿಸುತ್ತದೆ, ಹಳೆಯ ಕೋವಿಗಳ ಪರಿಭಾಷೆಯಲ್ಲಿ ಕುದುರೆ ಎನ್ನಲಾಗುವ ಹ್ಯಾಮರ್ ಹಿಂದೆ ಸರಿದು ಬಡಿಯುತ್ತದೆ. ಕುದುರೆಯನ್ನು ಮೊದಲೇ ಹೆಬ್ಬೆರಳಿನಿಂದ ಎಳೆದು ನಿಲ್ಲಿಸಿದರೆ ಟ್ರಿಗರ್‌ಗೆ ಬೇಕಾಗುವ ಬಲ ಬಹಳ ಕಡಿಮೆ. ಭಾರತದ ಸರ್ಕಾರಿ ಆಯುಧ ಕಾರ್ಖಾನೆಗಳು ನಾಗರಿಕರಿಗಾಗಿ ತಯಾರಿಸಿದ .32 ರಿವಾಲ್ವರ್ ಕೂಡ ಈ ವೆಬ್ಲಿ ರಚನೆಯನ್ನೇ ಅನುಸರಿಸಿದುದು.

ಉಕ್ಕಿನ ಮೇಲಿನ ಬರಹ

ಹಳೆಯ ರಿವಾಲ್ವರ್ ತನ್ನ ಮೈಮೇಲೆಯೇ ಒಂದಿಷ್ಟು ಚರಿತ್ರೆಯನ್ನು ಹೊತ್ತಿರುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಸ್ಥಾಪನೆಯಾದ ಪರೀಕ್ಷಾಲಯವು ಪ್ರತಿಯೊಂದು ನಳಿಗೆಯನ್ನೂ ಸಾಮಾನ್ಯಕ್ಕಿಂತ ಹೆಚ್ಚಿನ ಒತ್ತಡದ ಮದ್ದಿನಿಂದ ಪರೀಕ್ಷಿಸಿ, ತಾಳಿಕೊಂಡವುಗಳ ಮೇಲೆ ಕಿರೀಟದ ಗುರುತನ್ನು ಅಕ್ಷರಗಳೊಡನೆ ಒತ್ತುತ್ತಿತ್ತು. ಕಿರೀಟದ ಕೆಳಗೆ ಎನ್.ಪಿ. ಎಂದಿದ್ದರೆ ಆ ಆಯುಧ ಹೊಗೆರಹಿತ ಮದ್ದಿನ ಪರೀಕ್ಷೆಯನ್ನು ದಾಟಿದೆ ಎಂದರ್ಥ. ಆ ಗುರುತಿಲ್ಲದ ಹತ್ತೊಂಬತ್ತನೆಯ ಶತಮಾನದ ರಿವಾಲ್ವರನ್ನು ಕರಿಮದ್ದಿನ ಕಾಲದ್ದೆಂದು ಭಾವಿಸುವುದೇ ಕ್ಷೇಮಕರ.

ಅಗಲವಾದ ಬಾಣದ ಚಿಹ್ನೆ ಬ್ರಿಟಿಷ್ ಸರ್ಕಾರದ ಸ್ವತ್ತನ್ನು ಸೂಚಿಸುತ್ತದೆ. ಎರಡು ಬಾಣಗಳು ಮೊನೆಗೆ ಮೊನೆ ತಾಗುವಂತೆ ಒತ್ತಿದ್ದರೆ ಆ ಆಯುಧವನ್ನು ಸೇವೆಯಿಂದ ಬಿಡುಗಡೆ ಮಾಡಿ ಮಾರಲಾಗಿದೆ ಎಂದು ತಿಳಿಯಬೇಕು. ಹೀಗೆ ಒಂದು ಗುರುತು ಸ್ವತ್ತಿನ ಪತ್ರವಾದರೆ ಇನ್ನೊಂದು ಮಾರಾಟದ ಪತ್ರ. ಇವುಗಳೊಂದಿಗೆ ಕ್ರಮಸಂಖ್ಯೆ ಇರುತ್ತದೆ. ಪರವಾನಗಿ ಪುಸ್ತಕದಲ್ಲಿ ಬರೆದಿರುವ ಸಂಖ್ಯೆಯೂ ಉಕ್ಕಿನ ಮೇಲಿನ ಸಂಖ್ಯೆಯೂ ಅಕ್ಷರಶಃ ಹೊಂದಿಕೆಯಾಗಬೇಕು. ಹಳೆಯ ಗುಮಾಸ್ತರ ಕೈಬರಹದಲ್ಲಿ 1 ಮತ್ತು 7, 3 ಮತ್ತು 8 ಅದಲುಬದಲಾದಲ್ಲಿ ಅದನ್ನು ಕಚೇರಿಯಲ್ಲೇ ತಿದ್ದಿಸಿಕೊಳ್ಳಬೇಕು. ಮಸುಕಾದ ಸಂಖ್ಯೆಯನ್ನು ಮನೆಯಲ್ಲಿ ಕೊರೆದು ಸ್ಫುಟಗೊಳಿಸುವ ಪ್ರಯತ್ನ ಕಾನೂನಿನ ಕಣ್ಣಿಗೆ ಗುರುತನ್ನು ತಿದ್ದಿದ ಕೃತ್ಯವಾಗಿ ಕಾಣುತ್ತದೆ.

ಹಾರಿಸುವ ಮುನ್ನ

.455 ತೋಟಾದ ಗುಂಡು ಸುಮಾರು 17 ಗ್ರಾಂ ತೂಗುತ್ತದೆ. ವೇಗ ಮಾತ್ರ ಸೆಕೆಂಡಿಗೆ ಸುಮಾರು 190 ಮೀಟರ್. ಭಾರವಾದ ಗುಂಡು ನಿಧಾನವಾಗಿ ಹೊರಡುವುದರಿಂದ ಕೈಗೆ ತಾಗುವ ಹಿನ್ನೂಕು ಚುರುಕಾದ ಹೊಡೆತದಂತಿರದೆ ದೀರ್ಘವಾದ ತಳ್ಳುವಿಕೆಯಂತಿರುತ್ತದೆ. .32 ರಿವಾಲ್ವರಿನ ಗುಂಡು ಇದರ ಅರ್ಧಕ್ಕಿಂತಲೂ ಹಗುರ. 1896ರಲ್ಲಿ ಬಂದ .32 ಸ್ಮಿತ್ ಅಂಡ್ ವೆಸನ್ ಲಾಂಗ್ ತೋಟಾ ಇಂದಿಗೂ 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಗಳಲ್ಲಿ ಬಳಕೆಯಲ್ಲಿದೆ. ಅದರ ಮೃದುತ್ವ ಮತ್ತು ನಿಖರತೆಯೇ ಇದಕ್ಕೆ ಕಾರಣ.

ಹಳೆಯ ರಿವಾಲ್ವರಿನಲ್ಲಿ ಸವೆಯುವ ಜಾಗಗಳು ಗೊತ್ತಿರುವಂಥವೇ. ಮೇಲಿನ ಚಿಲಕ ಸಡಿಲವಾಗುತ್ತದೆ. ವೆಬ್ಲಿಯಲ್ಲಿ ಹಿಂಬದಿಯ ಗುರಿಗಂಡಿ ಆ ಚಿಲಕದ ಮೇಲೆಯೇ ಇರುವುದರಿಂದ ಚಿಲಕ ಅಲುಗಿದರೆ ಗುರಿಯೂ ಅಲುಗುತ್ತದೆ. ಸಿಲಿಂಡರನ್ನು ತಡೆದು ನಿಲ್ಲಿಸುವ ಭಾಗ ಸವೆದರೆ ಮನೆಯೂ ನಳಿಗೆಯೂ ಒಂದೇ ನೇರದಲ್ಲಿ ನಿಲ್ಲುವುದಿಲ್ಲ. ಆಗ ಗುಂಡಿನ ಅಂಚಿನಿಂದ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಸಿಲಿಂಡರ್ ಮತ್ತು ನಳಿಗೆಯ ನಡುವಣ ಸಂದಿನಿಂದ ಬಿಸಿಯಾದ ಅನಿಲ ಹೊರಬರುವುದು ಎಲ್ಲ ರಿವಾಲ್ವರುಗಳಿಗೂ ಸಹಜ. ಆದ್ದರಿಂದ ಆಸರೆಗೆಂದು ಇನ್ನೊಂದು ಕೈಯನ್ನು ಮುಂದೆ ಚಾಚಿ ಹಿಡಿಯಕೂಡದು. ಈ ದೋಷಗಳನ್ನು ಪರೀಕ್ಷಿಸಿ ಸರಿಪಡಿಸುವ ಕೆಲಸಕ್ಕೂ ಆಯುಧ ಕಾಯ್ದೆಯ 5ನೆಯ ಕಲಮಿನಂತೆ ಪರವಾನಗಿ ಬೇಕು. ಊರಿನ ಕಮ್ಮಾರಸಾಲೆಗೆ ಒಯ್ದು ರಿಪೇರಿ ಮಾಡಿಸುವ ಹಳೆಯ ರೂಢಿ ಒಡೆಯನನ್ನೂ ಕಮ್ಮಾರನನ್ನೂ ಏಕಕಾಲಕ್ಕೆ ಸಂಕಟಕ್ಕೆ ಸಿಲುಕಿಸುತ್ತದೆ.

ಹೊರನೋಟಕ್ಕೆ ಗಟ್ಟಿಯಾಗಿರುವ ವೆಬ್ಲಿಯಲ್ಲಿ ಹೆಚ್ಚಿನ ಒತ್ತಡದ ತೋಟಾವನ್ನು ಹಾರಿಸುವುದು ಅಪಾಯಕಾರಿ. ಯುದ್ಧಾನಂತರ ಅಮೆರಿಕಕ್ಕೆ ಹೋದ ಅನೇಕ ವೆಬ್ಲಿಗಳ ಸಿಲಿಂಡರನ್ನು ಹಿಂಬದಿಯಲ್ಲಿ ಕೆತ್ತಿ .45 ಪಿಸ್ತೂಲಿನ ತೋಟಾಗಳಿಗೆ ಹೊಂದಿಸಲಾಯಿತು. ಆ ತೋಟಾದ ಪೂರ್ಣ ಒತ್ತಡ ವೆಬ್ಲಿಗೆ ವಿಧಿಸಿದ ಮಿತಿಯನ್ನು ಮೀರುವಂಥದು. ಕೂಡುತ್ತದೆ ಎಂಬುದೂ ತಾಳುತ್ತದೆ ಎಂಬುದೂ ಬೇರೆ ಬೇರೆ ಸಂಗತಿಗಳು.

ಅಜ್ಜನ ಪೆಟ್ಟಿಗೆಯಲ್ಲಿ ಉಳಿದ ಹಳೆಯ ತೋಟಾಗಳ ಬಗೆಗೆ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಅವುಗಳಲ್ಲಿ ಕೆಲವು ತಡವಾಗಿ ಸಿಡಿಯುತ್ತವೆ. ರೈಫಲಿನಲ್ಲಿ ತಡವಾದ ಸಿಡಿತ ನಳಿಗೆಯ ಮೂಲಕವೇ ಹೊರಹೋಗುತ್ತದೆ. ರಿವಾಲ್ವರಿನಲ್ಲಾದರೋ, ಸಿಡಿಯಲಿಲ್ಲವೆಂದು ಮತ್ತೊಮ್ಮೆ ಟ್ರಿಗರ್ ಎಳೆದರೆ ಆ ತೋಟಾ ನಳಿಗೆಯ ನೇರದಿಂದ ಪಕ್ಕಕ್ಕೆ ಸರಿದಿರುತ್ತದೆ. ಅಲ್ಲಿ ಸಿಡಿದರೆ ಗುಂಡಿಗೆ ಹೋಗಲು ದಾರಿಯಿಲ್ಲ. ಆದುದರಿಂದ ತೋಟಾ ಸಿಡಿಯದಿದ್ದಾಗ ಆಯುಧವನ್ನು ಗುರಿಯ ದಿಕ್ಕಿನಲ್ಲೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯುವುದು ರೇಂಜುಗಳಲ್ಲಿ ಕಲಿಸುವ ಶಿಸ್ತು. ಹಳೆಯ ತೋಟಾಗಳ ಕೇಪಿನಲ್ಲಿದ್ದ ಲವಣಗಳು ನಳಿಗೆಯಲ್ಲಿ ಉಳಿದು ತೇವವನ್ನು ಹೀರಿ ತುಕ್ಕು ಹಿಡಿಸುತ್ತವೆ. ಕಾಸರಗೋಡು ಮತ್ತು ವಯನಾಡಿನ ಮಳೆಗಾಲದಲ್ಲಿ ಈ ತೊಂದರೆ ಸೋಲಾಪುರದ ಒಣಹವೆಗಿಂತ ಬಹಳ ಹೆಚ್ಚು. ಚರ್ಮದ ಚೀಲದಲ್ಲಿ ಇಟ್ಟರೆ ಭದ್ರವೆಂಬ ನಂಬಿಕೆಯೂ ತಪ್ಪು. ಹದಮಾಡಿದ ಚರ್ಮ ತೇವವನ್ನು ಹಿಡಿದಿಟ್ಟು ಉಕ್ಕನ್ನು ತಿನ್ನುತ್ತದೆ.

ಕಾನೂನು ಕೇಳುವುದೇನು

1878ರ ಭಾರತೀಯ ಆಯುಧ ಕಾಯ್ದೆ ವಸಾಹತು ಕಾಲದ ಪರವಾನಗಿ ವ್ಯವಸ್ಥೆಯನ್ನು ರೂಪಿಸಿತು. ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆ ಅದರ ಸ್ಥಾನಕ್ಕೆ ಬಂದಿತು. 2016ರ ಜುಲೈಯಲ್ಲಿ ಜಾರಿಗೆ ಬಂದ ಆಯುಧ ನಿಯಮಗಳು ಮತ್ತು 2019ರ ತಿದ್ದುಪಡಿ ಕಾಯ್ದೆ ಇಂದಿನ ಸ್ಥಿತಿಯನ್ನು ನಿರ್ಧರಿಸುತ್ತವೆ. ಹಳೆಯ ರಿವಾಲ್ವರಿನ ಒಡೆಯರಿಗೆ ಇವುಗಳಲ್ಲಿ ನಾಲ್ಕು ಅಂಶಗಳು ಮುಖ್ಯವಾದವು.

ಮೊದಲನೆಯದು ಬೋರು. ಸೇನೆಯ .380 ಅಥವಾ .455 ತೋಟಾವನ್ನು ಹಾರಿಸಬಲ್ಲ ರಿವಾಲ್ವರುಗಳು ನಿಷೇಧಿತ ಬೋರಿನ ವರ್ಗಕ್ಕೆ ಸೇರುತ್ತವೆ. ಇವುಗಳಿಗೆ ಅನುಮತಿ ನೀಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರದಲ್ಲ, ಕೇಂದ್ರ ಸರ್ಕಾರದ್ದು. .32 ಬೋರು ಈ ವರ್ಗದ ಹೊರಗಿದೆ. ನಾಗರಿಕ ರಿವಾಲ್ವರ್ ಎಂದರೆ.32 ಎಂಬ ರೂಢಿ ಬೆಳೆದುದು ಹೀಗೆ. ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ, ನೋಡಲು ಅಣ್ಣತಮ್ಮಂದಿರಂತಿರುವ ಎರಡು ವೆಬ್ಲಿಗಳ ಕಾನೂನು ಸ್ಥಾನ ಬೋರಿನ ಕಾರಣದಿಂದ ಸಂಪೂರ್ಣ ಭಿನ್ನವಾಗಬಹುದು.

ಎರಡನೆಯದು ಸಂಖ್ಯೆ ಮತ್ತು ಅವಧಿ. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ 3ರಿಂದ 2ಕ್ಕೆ ಇಳಿಯಿತು. ವಾರಸಿನಿಂದ ಬಂದ ಆಯುಧಕ್ಕೂ ಈ ಮಿತಿ ಅನ್ವಯಿಸುತ್ತದೆ. ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು. ಪರವಾನಗಿಯಿಲ್ಲದ ಸಾಮಾನ್ಯ ಬಂದೂಕಿಗೆ 2ರಿಂದ 5 ವರ್ಷ, ನಿಷೇಧಿತ ಆಯುಧಕ್ಕೆ 7ರಿಂದ 14 ವರ್ಷ ಸೆರೆವಾಸದ ಶಿಕ್ಷೆಯನ್ನು ಅದೇ ತಿದ್ದುಪಡಿ ವಿಧಿಸಿತು.

ಮೂರನೆಯದು ಹಳಮೆಯ ಪ್ರಶ್ನೆ. ವಸ್ತು ಹಳೆಯದಾದರೆ ಪರವಾನಗಿ ಬೇಡವೆಂಬ ತಿಳಿವಳಿಕೆ ವ್ಯಾಪಕವಾಗಿದೆ. ಕಾಯ್ದೆಯ 45ನೆಯ ಕಲಮು ನೀಡುವ ವಿನಾಯಿತಿಯನ್ನು ಗಮನವಿಟ್ಟು ಓದಬೇಕು: ಆಯುಧ ಹಳೆಯ ಮಾದರಿಯದೋ ಪುರಾತನ ಮೌಲ್ಯದ್ದೋ ಕೆಟ್ಟುಹೋದದ್ದೋ ಆಗಿದ್ದು, ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂತಿರಬೇಕು. ಒಂದು ಸ್ಪ್ರಿಂಗ್ ಹಾಕಿದರೆ ಹಾರುವ ವೆಬ್ಲಿ ಈ ವಿನಾಯಿತಿಯೊಳಗೆ ಬರುವುದಿಲ್ಲ. 2020ರ ನಿಯಮ ತಿದ್ದುಪಡಿಯು ಕುತೂಹಲವಸ್ತುವಿನ ವರ್ಗಕ್ಕೆ ಸೇರಿದ ಸಣ್ಣ ಆಯುಧಗಳನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತಾದರೂ ಅವನ್ನು ಹಾರಿಸಲು, ಒಯ್ಯಲು, ಸಾಗಿಸಲು ಪರವಾನಗಿ ಬೇಕೇ ಬೇಕು. ತಮ್ಮ ವಸ್ತು ಆ ವರ್ಗದ್ದೆಂದು ಮನೆಯವರೇ ತೀರ್ಮಾನಿಸಿಕೊಳ್ಳದೆ ಪರವಾನಗಿ ಪ್ರಾಧಿಕಾರದ ಲಿಖಿತ ಅಭಿಪ್ರಾಯ ಪಡೆಯುವುದು ವಿವೇಕ.

ನಾಲ್ಕನೆಯದು ವಾರಸಿಕೆ. ಪರವಾನಗಿ ವ್ಯಕ್ತಿಗೆ ಸೇರಿದುದು, ಮನೆಗಲ್ಲ. ಪರವಾನಗಿದಾರ ತೀರಿಕೊಂಡ ಮೇಲೆ ಆಯುಧ ಮನೆಯಲ್ಲೇ ಉಳಿದರೆ ಅದು ಯಾರ ಪರವಾನಗಿಯ ಅಡಿಯಲ್ಲೂ ಇರುವುದಿಲ್ಲ. ಅದನ್ನು ವಿಳಂಬವಿಲ್ಲದೆ ಸಮೀಪದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯಲ್ಲೋ ಠೇವಣಿ ಇಟ್ಟು, ರಸೀದಿ ಪಡೆದು, ಬಳಿಕ ವಾರಸುದಾರರು ತಮ್ಮ ಹೆಸರಿನಲ್ಲಿ ಅರ್ಜಿ ಸಲ್ಲಿಸಬೇಕು. ಠೇವಣಿ ಇಟ್ಟ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ. 21ನೆಯ ಕಲಮು ವಾರಸುದಾರರಿಗೆ ಗೊತ್ತಾದ ಅವಧಿಯೊಳಗೆ ಅರ್ಹತೆ ಪಡೆದು ಹಿಂಪಡೆಯುವ ಅಥವಾ ಮಾರುವ ಹಕ್ಕನ್ನು ಉಳಿಸುತ್ತದೆ. ಪರವಾನಗಿದಾರ 70 ವರ್ಷ ತುಂಬಿದಾಗ ಅಥವಾ ಆಯುಧವನ್ನು 25 ವರ್ಷ ಇಟ್ಟುಕೊಂಡಾಗ ಬದುಕಿರುವಾಗಲೇ ವಾರಸುದಾರರೊಬ್ಬರಿಗೆ ವರ್ಗಾಯಿಸಲು 2016ರ ನಿಯಮಗಳು ದಾರಿ ಮಾಡಿಕೊಟ್ಟಿವೆ. ಈ ದಾರಿ ತಿಳಿಯದಿರುವುದರಿಂದಲೇ ಅನೇಕ ತೊಡಕುಗಳು ಹುಟ್ಟುತ್ತವೆ.

ಗಡಿ ಬದಲಾದಾಗ

ಈಗ ಗಡಿನಾಡಿನ ವಿಶೇಷ ಸಮಸ್ಯೆಯತ್ತ ಬರಬಹುದು. ಕಾಸರಗೋಡು ತಾಲೂಕಿನ ಒಂದು ಮನೆಯ ಪರವಾನಗಿ 1940ರ ದಶಕದ್ದಾಗಿದ್ದರೆ ಅದರ ಮೂಲ ಕಚೇರಿ ಮಂಗಳೂರು, ಏಕೆಂದರೆ ತಾಲೂಕು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ತಾಲೂಕು ಕೇರಳದ ಮಲಬಾರ್ ಜಿಲ್ಲೆಗೆ, 1957ರಲ್ಲಿ ಕಣ್ಣೂರು ಜಿಲ್ಲೆಗೆ ಸೇರಿತು. 1984ರಲ್ಲಿ ಕಾಸರಗೋಡೇ ಜಿಲ್ಲೆಯಾಯಿತು. ಒಂದೇ ಮನೆಯ ಒಂದೇ ಆಯುಧಕ್ಕೆ ನಾಲ್ಕು ಜಿಲ್ಲಾ ಕಚೇರಿಗಳು. ರಾಯದುರ್ಗದ ಕಾಗದ ಬಳ್ಳಾರಿಯಿಂದ 1953ರಲ್ಲಿ ಅನಂತಪುರಕ್ಕೆ ಹೋಯಿತು. ಆದವಾನಿಯದು ಬಳ್ಳಾರಿಯಿಂದ ಕರ್ನೂಲಿಗೆ. ಮಡಕಶಿರ 2022ರಲ್ಲಿ ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹೊಸೂರು ಸೇಲಂ, ಧರ್ಮಪುರಿ ಮತ್ತು 2004ರ ಬಳಿಕ ಕೃಷ್ಣಗಿರಿ ಎಂಬ ಮೂರು ಜಿಲ್ಲೆಗಳನ್ನು ಕಂಡಿದೆ. ತಾಳವಾಡಿಯ ನೆರೆಯ ಕೊಳ್ಳೇಗಾಲ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಾಗ ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. ಅಕ್ಕಲಕೋಟೆ ಮತ್ತು ಜತ್ತ 1948ರವರೆಗೆ ಸಂಸ್ಥಾನಗಳು; ಪಶ್ಚಿಮ ತೆಲಂಗಾಣ ಅದೇ ವರ್ಷದವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದರೆ, ಗೋವಾ 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಕೈಯಲ್ಲಿತ್ತು.

ಪ್ರತಿಯೊಂದು ಬದಲಾವಣೆಯಲ್ಲಿಯೂ ಕಡತ ಒಂದು ಕಚೇರಿಯಿಂದ ಇನ್ನೊಂದಕ್ಕೆ ಸಾಗಬೇಕು. ಸಾಗದೆ ಉಳಿದ ಕಡತಕ್ಕೆ ಆಧಾರವಾಗಿ ನಿಲ್ಲುವುದು ಮನೆಯಲ್ಲಿರುವ ಹಳೆಯ ಪುಸ್ತಕವೊಂದೇ. ಪರವಾನಗಿಗಳನ್ನು ರಾಷ್ಟ್ರೀಯ ದತ್ತಸಂಗ್ರಹಕ್ಕೆ ಸೇರಿಸಿ ಪ್ರತಿಯೊಬ್ಬ ಪರವಾನಗಿದಾರರಿಗೂ ವಿಶಿಷ್ಟ ಗುರುತಿನ ಸಂಖ್ಯೆ ನೀಡುವ ಇಂದಿನ ವ್ಯವಸ್ಥೆಯಲ್ಲಿ ಆ ಪುಸ್ತಕದ ಬೆಲೆ ಇನ್ನಷ್ಟು ಹೆಚ್ಚಿದೆ.

ಪರವಾನಗಿಯ ವ್ಯಾಪ್ತಿಯೂ ಗಡಿನಾಡಿಗರು ಎಡವುವ ಜಾಗ. ಪರವಾನಗಿ ಅದರಲ್ಲಿ ಬರೆದ ಪ್ರದೇಶದೊಳಗೆ ಮಾತ್ರ ನಡೆಯುತ್ತದೆ. ಮಂಜೇಶ್ವರದಿಂದ ಮಂಗಳೂರಿಗೆ, ಹೊಸೂರಿನಿಂದ ಬೆಂಗಳೂರಿಗೆ, ಅಕ್ಕಲಕೋಟೆಯಿಂದ ಕಲಬುರಗಿ ಜಿಲ್ಲೆಗೆ ಹೋಗಿಬರುವುದು ನಿತ್ಯದ ಮಾತು; ನೆಂಟಸ್ತಿಕೆ, ವ್ಯಾಪಾರ, ಆಸ್ಪತ್ರೆ ಎಲ್ಲವೂ ಗಡಿ ದಾಟಿಯೇ. ಆದರೆ ಕೇರಳಕ್ಕೆ ಸೀಮಿತವಾದ ಪರವಾನಗಿಯೊಂದಿಗೆ ತಲಪಾಡಿ ದಾಟಿದ ರಿವಾಲ್ವರ್ ಆ ಕ್ಷಣದಿಂದ ಪರವಾನಗಿಯಿಲ್ಲದ ಆಯುಧ. ರೇಂಜಿನ ಅಭ್ಯಾಸಕ್ಕೋ ರಿಪೇರಿಗೋ ನೆರೆರಾಜ್ಯಕ್ಕೆ ಒಯ್ಯಬೇಕಾದರೆ ವ್ಯಾಪ್ತಿಯ ವಿಸ್ತರಣೆಯನ್ನು ಮೊದಲೇ ಬರೆಸಿಕೊಂಡಿರಬೇಕು. ಚುನಾವಣೆಯ ಕಾಲದಲ್ಲಿ ಪರಿಶೀಲನಾ ಸಮಿತಿಯ ತೀರ್ಮಾನದಂತೆ ಆಯುಧ ಠೇವಣಿ ಇಡಿಸುವ ಕ್ರಮವೂ ಆಯಾ ರಾಜ್ಯದ ಚುನಾವಣಾ ವೇಳಾಪಟ್ಟಿಯನ್ನು ಅನುಸರಿಸುತ್ತದೆ. ಕರ್ನಾಟಕದ ಪತ್ರಿಕೆ ಓದುವ ಮನೆಗೆ ಆ ಸುದ್ದಿ ತಡವಾಗಿ ತಲುಪುವ ಸಾಧ್ಯತೆಯಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಕೋವಿ ವಿನಾಯಿತಿಯನ್ನು ಕಂಡು, ನೆರೆಯ ವಯನಾಡು, ಕಾಸರಗೋಡುಗಳಲ್ಲಿ ಎಲ್ಲರಿಗೂ ಅದು ಸಲ್ಲುತ್ತದೆಂದು ಎಣಿಸುವುದು ಇನ್ನೊಂದು ತಪ್ಪು.

ಮಾತಿನ ಗಡಿ

ಆಯುಧದ ಪದಕೋಶ ಈ ಪ್ರದೇಶದ ಭಾಷಾಸಂಪರ್ಕದ ಒಂದು ಚಿಕ್ಕ ಚಿತ್ರ. ಕನ್ನಡದ ತುಪಾಕಿ, ತೆಲುಗಿನ ತುಪಾಕಿ, ತಮಿಳಿನ ತುಪ್ಪಾಕ್ಕಿ ಒಂದೇ ಮೂಲದವು. ಅದು ತುರ್ಕಿ–ಪಾರಸಿ ವಲಯದಿಂದ ಬಂದುದು. ಬಂದೂಕು ಅರಬ್ಬಿಯಿಂದ ಹೊರಟು ಪಾರಸಿಯ ದಾರಿಯಲ್ಲಿ ಮರಾಠಿಗೂ ಕನ್ನಡಕ್ಕೂ ಬಂದಿತು. ಮಲಯಾಳದ ತೋಕ್ಕ್ ಮತ್ತು ಕೊಡವ ಭಾಷೆಯ ತೋಕ್ ನೆರೆಯವು. ತುಳುನಾಡಿನಲ್ಲಿ ಬೆಡಿ ಎಂದರೆ ಕೋವಿಯೂ ಹೌದು, ಕುಂಬಳೆಯ ಉತ್ಸವದ ಸಿಡಿಮದ್ದೂ ಹೌದು. ರಿವಾಲ್ವರ್ ಮಾತ್ರ ಎಲ್ಲ ಭಾಷೆಗಳಲ್ಲಿಯೂ ಇಂಗ್ಲಿಷಿನ ಹೆಸರನ್ನೇ ಉಳಿಸಿಕೊಂಡಿದೆ.

ಕಚೇರಿಯ ಪದಗಳಲ್ಲಿ ತೊಡಕು ಹೆಚ್ಚು. ಕನ್ನಡದ ಪರವಾನಗಿ ಲೈಸೆನ್ಸು. ಮರಾಠಿಯಲ್ಲಿ ಪರವಾನಗೀ ಎಂದರೆ ಬರಿಯ ಅನುಮತಿ, ಲೈಸೆನ್ಸಿಗೆ ಪರವಾನಾ ಎಂಬ ಪದವಿದೆ. ತಮಿಳಿನ ಕಚೇರಿಯಲ್ಲಿ ಅದು ಉರಿಮಂ. ವಾರಸುದಾರನಿಗೆ ಮರಾಠಿಯಲ್ಲಿ ವಾರಸ, ತೆಲುಗಿನಲ್ಲಿ ವಾರಸುಡು, ತಮಿಳಿನಲ್ಲಿ ವಾರಿಸು ಎಂಬ ಪರಿಚಿತ ರೂಪಗಳಿದ್ದರೆ, ಮಲಯಾಳದಲ್ಲಿ ಅವಕಾಶಿ. ಕನ್ನಡದ ಓದುಗನಿಗೆ ಅವಕಾಶ ಎಂದರೆ ಸಂದರ್ಭ ಅಥವಾ ಎಡೆ. ಮಲಯಾಳದಲ್ಲಿ ಅದು ಹಕ್ಕು. ಒಂದು ನಮೂನೆಯಲ್ಲಿ ಅವಕಾಶಿಯ ಹೆಸರು ಕೇಳಿದಾಗ ಅದು ವಾರಸುದಾರನ ಪ್ರಶ್ನೆಯೆಂದು ತಿಳಿಯದೆ ಖಾಲಿ ಬಿಟ್ಟರೆ, ಆ ಖಾಲಿ ಜಾಗ ಮುಂದಿನ ತಲೆಮಾರಿಗೆ ಭಾರವಾಗುತ್ತದೆ.

ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನೀಡಿದೆ. ಆದರೆ ಅವಧಿ ಮುಗಿಯುವ ದಿನಾಂಕವೂ ಬೋರಿನ ವರ್ಗವೂ ವ್ಯಾಪ್ತಿಯ ಸಾಲೂ ಪುಸ್ತಕದಲ್ಲಿ ಬರೆದ ಭಾಷೆಯಲ್ಲೇ ಇರುತ್ತವೆ. ಅವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಒಂದು ಸಣ್ಣ ಕೈಪಿಡಿಯನ್ನು ಗಡಿನಾಡಿನ ಅಧ್ಯಯನ ಸಂಸ್ಥೆಗಳು ಸಿದ್ಧಪಡಿಸಬಲ್ಲವು.

ಸಂಶೋಧಕರಿಗೆ ಮತ್ತು ಮನೆಯವರಿಗೆ

ಹಳೆಯ ಪರವಾನಗಿ ಪುಸ್ತಕವನ್ನು ಸಂಶೋಧಕರು ಆಕರವೆಂದು ಪರಿಗಣಿಸುವುದು ವಿರಳ. ಅದರಲ್ಲಿ ಒಡೆಯನ ಹೆಸರು, ವಾಸಸ್ಥಳ, ಆಯುಧದ ವಿವರ, ತೋಟಾ ಖರೀದಿಯ ನಮೂದು, ನವೀಕರಣದ ಮೊಹರು, ಸಹಿ ಎಲ್ಲವೂ ಕಾಲಕ್ರಮದಲ್ಲಿ ಸಿಗುತ್ತವೆ. ಮೊಹರಿನ ಭಾಷೆ ಯಾವ ವರ್ಷದಲ್ಲಿ ಇಂಗ್ಲಿಷಿನಿಂದ ರಾಜ್ಯಭಾಷೆಗೆ ತಿರುಗಿತು, ಊರಿನ ಹೆಸರಿನ ಬರವಣಿಗೆ ಯಾವಾಗ ಬದಲಾಯಿತು, ಮನೆತನದ ಹೆಸರು ಹೊಸ ಲಿಪಿಯಲ್ಲಿ ಯಾವ ರೂಪ ಪಡೆಯಿತು ಎಂಬುದನ್ನು ಒಂದೇ ಪುಸ್ತಕ ಪುಟಪುಟವಾಗಿ ತೋರಿಸಬಲ್ಲದು. ಹೆಸರಿನ ಇಂಥ ರೂಪಭೇದಗಳೇ ವಾರಸಿಕೆಯ ಅರ್ಜಿಯಲ್ಲಿ ಆಕ್ಷೇಪಕ್ಕೆ ಎಡೆಮಾಡುತ್ತವೆ ಎಂಬುದರಿಂದ ಇಲ್ಲಿ ಸಂಶೋಧನೆಯ ಹಿತವೂ ಮನೆಯವರ ಹಿತವೂ ಒಂದೇ.

ಮನೆಯವರು ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ಪುಸ್ತಕದ ಪ್ರತಿಯೊಂದು ಪುಟದ ಛಾಯಾಪ್ರತಿ ತೆಗೆದು ಆಯುಧದಿಂದ ಬೇರೆಯಾದ ಜಾಗದಲ್ಲಿ ಇಡಬೇಕು. ಕ್ರಮಸಂಖ್ಯೆ ಮತ್ತು ಬೋರನ್ನು ಪುಸ್ತಕದೊಡನೆ ತಾಳೆ ನೋಡಬೇಕು. ಹೆಸರಿನ ಬೇರೆ ಬೇರೆ ರೂಪಗಳು ಒಬ್ಬರದೇ ಎಂಬುದಕ್ಕೆ ದಾಖಲೆ ಮಾಡಿಸಬೇಕು. ಪರವಾನಗಿದಾರರು ಹಿರಿಯರಾಗಿದ್ದರೆ ವರ್ಗಾವಣೆಯ ಅರ್ಜಿಯನ್ನು ಅವರ ಸಹಿ ಸಿಗುವಾಗಲೇ ಸಲ್ಲಿಸಬೇಕು. ಆಯುಧವನ್ನು ಖಾಲಿಯಾಗಿಯೂ ತೋಟಾಗಳನ್ನು ಪ್ರತ್ಯೇಕವಾಗಿಯೂ ಬೀಗದಲ್ಲಿಡಬೇಕು. ಮುಂದಿನ ತಲೆಮಾರಿನಲ್ಲಿ ಅದನ್ನು ಬಯಸುವವರು ಯಾರೂ ಇಲ್ಲದಿದ್ದರೆ ಪರವಾನಗಿ ಪಡೆದ ವ್ಯಾಪಾರಿಯ ಮೂಲಕ ಮಾರುವುದು ಅಥವಾ ಠಾಣೆಗೆ ಒಪ್ಪಿಸುವುದು ಮರ್ಯಾದೆಯ ದಾರಿ. ಹಾಗೆ ಒಪ್ಪಿಸಿದ ಬಳಿಕವೂ ಪುಸ್ತಕದ ಪ್ರತಿಯನ್ನು, ಠೇವಣಿಯ ರಸೀದಿಯನ್ನು ಮನೆಯಲ್ಲಿ ಉಳಿಸಿಕೊಳ್ಳಬೇಕು. ಆಯುಧ ಎಲ್ಲಿ ಹೋಯಿತೆಂದು ಇಪ್ಪತ್ತು ವರ್ಷಗಳ ಬಳಿಕ ಯಾವುದಾದರೂ ಕಚೇರಿ ಕೇಳಿದರೆ ಉತ್ತರಿಸಬಲ್ಲದ್ದು ಆ ರಸೀದಿ ಮಾತ್ರ.